ಹೆಸರಾದ ಮಡಿಸುವ ಚಾಕು ನಿರಾಸೆ ಮಾಡಿದಾಗ: ಪರೀಕ್ಷೆ, ವಾರಂಟಿ ಮತ್ತು ದೂರಿನ ದಾರಿ

ಎಲ್ಲರೂ ಹೊಗಳುವ ದುಬಾರಿ ಮಡಿಸುವ ಚಾಕುವೊಂದನ್ನು ಕೊಂಡ ಮೇಲೆ ಅದು ನಿರಾಸೆ ಮಾಡಿದರೆ, ಮೊದಲು ಆ ನಿರಾಸೆ ಯಾವ ಬಗೆಯದು ಎಂಬುದನ್ನು ಗುರುತಿಸಿಕೊಳ್ಳಬೇಕು. ಚಾಕುವಿನ ತಯಾರಿಕೆಯಲ್ಲೇ ದೋಷವಿರಬಹುದು. ಚಾಕು ಹೇಗಿರಬೇಕೋ ಹಾಗೆಯೇ ಇದ್ದು ನಮ್ಮ ಕೆಲಸಕ್ಕೆ ಹೊಂದದೆ ಇರಬಹುದು. ಇಲ್ಲವೇ ಕೈಗೆ ಬಂದದ್ದು ಆ ಹೆಸರಿನ ನಕಲಿ ಮಾಲಾಗಿರಬಹುದು. ವಾರಂಟಿ ನೆರವಿಗೆ ಬರುವುದು ಮೊದಲನೆಯದಕ್ಕೆ ಮಾತ್ರ. ಎರಡನೆಯದಕ್ಕೆ ಅಂಗಡಿಯ ವಾಪಸಾತಿ ಅವಧಿಯೊಳಗೆ ಹಿಂದಿರುಗಿಸುವುದೊಂದೇ ದಾರಿ. ಮೂರನೆಯದು ಮಾರಿದವರ ಮೇಲಿನ ನೇರ ದೂರಿನ ವಿಷಯ. ಇವನ್ನೆಲ್ಲ ಬೆರೆಸಿ ಚಾಕು ಚೆನ್ನಾಗಿಲ್ಲ ಎಂದಷ್ಟೇ ಬರೆದ ಪತ್ರಕ್ಕೆ ಉಪಯೋಗಕ್ಕೆ ಬರುವ ಉತ್ತರ ಸಿಗುವುದು ಅಪರೂಪ. ಆದ್ದರಿಂದ ಈ ಬರಹದ ಹೆಚ್ಚಿನ ಭಾಗವನ್ನು ಪರೀಕ್ಷೆಗೇ ಮೀಸಲಿಟ್ಟಿದ್ದೇನೆ.

ಚಾಕು ಕೈಸೇರಿದ ದಿನ ಅದನ್ನು ಬಿಚ್ಚಲು ಹೋಗಬೇಡಿ, ಸಾಣೆಯನ್ನೂ ಹಿಡಿಯಬೇಡಿ. ಹಿಡಿಯ ಸ್ಕ್ರೂಗಳನ್ನು ಕಳಚಿದರೆ ವಾರಂಟಿ ರದ್ದಾಗುತ್ತದೆ ಎಂಬ ಷರತ್ತು ಹಲವು ಕಂಪನಿಗಳದ್ದು. ಸಾಣೆ ಹಿಡಿದ ಅಲಗಿನಲ್ಲಿ ಕಾರ್ಖಾನೆಯ ತಪ್ಪು ಯಾವುದು, ಸಾಣೆಯ ತಪ್ಪು ಯಾವುದು ಎಂದು ವಾದಿಸುವುದೂ ಕಷ್ಟ. ಪೆಟ್ಟಿಗೆ, ಒಳಗಿನ ಚೀಟಿ ಮತ್ತು ಬಿಲ್ಲನ್ನು ಎತ್ತಿಡಿ. ಭಾರತದಲ್ಲಿ ಪೊಟ್ಟಣ ಕಟ್ಟಿ ಮಾರುವ ಆಮದು ವಸ್ತುವಿನ ಮೇಲೆ ಆಮದುದಾರರ ಹೆಸರು, ವಿಳಾಸ, ತಯಾರಾದ ದೇಶ, ಗರಿಷ್ಠ ಮಾರಾಟ ಬೆಲೆ ಮತ್ತು ಗ್ರಾಹಕರು ದೂರು ಹೇಳಬೇಕಾದ ಸಂಪರ್ಕ ಇರಬೇಕೆಂದು 2011ರ ಕಾನೂನು ಮಾಪನ ನಿಯಮಗಳು ಹೇಳುತ್ತವೆ. ಮುಂದೆ ಬರುವ ಎಲ್ಲ ಪತ್ರವ್ಯವಹಾರ ಈ ಚಿಕ್ಕ ಚೀಟಿಯ ಮೇಲೆಯೇ ನಿಲ್ಲುತ್ತದೆ. ಅದರ ಸ್ಪಷ್ಟವಾದ ಫೋಟೊ ತೆಗೆದಿಟ್ಟುಕೊಳ್ಳಿ. ಚೀಟಿಯೇ ಇಲ್ಲದ ಪೆಟ್ಟಿಗೆ ಬಂದಿದ್ದರೆ ಅದನ್ನೂ ಫೋಟೊದಲ್ಲಿ ದಾಖಲಿಸಿ.

ಲಾಕ್ ಪರೀಕ್ಷೆ

ಮಡಿಸುವ ಚಾಕುವಿನಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಲಾಕ್, ಏಕೆಂದರೆ ಅದು ಜಾರಿದರೆ ಅಲಗು ಮಡಿಸಿಕೊಳ್ಳುವುದು ಹಿಡಿದ ಬೆರಳುಗಳ ಮೇಲೆಯೇ. ಅಲಗು ಮಂದವಾಗಿದ್ದರೆ ಸಾಣೆ ಹಿಡಿಯಬಹುದು, ಜೇಬಿಗೆ ಸಿಕ್ಕಿಸುವ ಕ್ಲಿಪ್ ಸಡಿಲವಾದರೆ ಬಿಗಿಗೊಳಿಸಬಹುದು. ಲಾಕ್ ಸರಿಯಿಲ್ಲದ ಚಾಕುವನ್ನು ಮಾತ್ರ, ಅದರ ಹೆಸರು ಎಷ್ಟೇ ದೊಡ್ಡದಿರಲಿ, ಬಳಕೆಯಿಂದ ಹೊರಗಿಡಬೇಕು.

ನಿಮ್ಮ ಚಾಕುವಿನಲ್ಲಿ ಲಾಕ್ ಇದೆಯೇ ಎಂಬುದನ್ನೇ ಮೊದಲು ಖಚಿತಪಡಿಸಿಕೊಳ್ಳಿ. ವಿಕ್ಟೋರಿನಾಕ್ಸ್‌ನ 58 ಮತ್ತು 91 ಮಿಲಿಮೀಟರ್ ಉದ್ದದ ಪ್ರಸಿದ್ಧ ಸ್ವಿಸ್ ಚಾಕುಗಳಲ್ಲಿ ಅಲಗನ್ನು ಹಿಡಿದಿಡುವುದು ಬೆನ್ನಿನ ಸ್ಪ್ರಿಂಗ್ ಮಾತ್ರ. ಬೆನ್ನಿನ ಕಡೆಯಿಂದ ಒತ್ತಿದರೆ ಅಲಗು ಮಡಿಸಿಕೊಳ್ಳುವುದು ಅವುಗಳ ವಿನ್ಯಾಸವೇ ಹೊರತು ದೋಷವಲ್ಲ. ಫ್ರಾನ್ಸಿನ ಓಪಿನೆಲ್ ಚಾಕುವಿನಲ್ಲಿ ಕತ್ತಿನ ಉಂಗುರವನ್ನು ಕೈಯಿಂದ ತಿರುಗಿಸಿದರೆ ಮಾತ್ರ ಲಾಕ್ ಬೀಳುತ್ತದೆ; ಈ ಉಂಗುರ ಬಂದದ್ದು 1955ರಲ್ಲಿ. ಅಮೆರಿಕದ ಬಕ್ ಕಂಪನಿಯ 1964ರ 110 ಮಾದರಿಯಂಥವುಗಳಲ್ಲಿ ಹಿಡಿಯ ಬೆನ್ನಿನಲ್ಲಿರುವ ಸನ್ನೆಗೋಲಿನಂಥ ಪಟ್ಟಿಯೊಂದು ಅಲಗಿನ ಬುಡದ ಕಚ್ಚಿಗೆ ಬಂದು ಕೂರುತ್ತದೆ. ಇಂದಿನ ಹೆಚ್ಚಿನ ದುಬಾರಿ ಚಾಕುಗಳಲ್ಲಿರುವುದು ಲೈನರ್ ಲಾಕ್ ಅಥವಾ ಫ್ರೇಮ್ ಲಾಕ್. ಹಿಡಿಯ ಒಳಗಿನ ತೆಳು ತಗಡು, ಇಲ್ಲವೇ ಹಿಡಿಯ ಒಂದು ಪಕ್ಕದ ಲೋಹದ ಪಟ್ಟಿ, ಅಲಗು ತೆರೆದೊಡನೆ ಒಳಕ್ಕೆ ಸರಿದು ಅಲಗಿನ ಬುಡಕ್ಕೆ ಅಡ್ಡಗಟ್ಟುತ್ತದೆ. ದೂರುಗಳು ಹೆಚ್ಚಾಗಿ ಏಳುವುದು ಈ ಎರಡರಲ್ಲಿ. ಅಲಗಿನ ಬುಡದ ಓರೆ ಮತ್ತು ತಗಡಿನ ತುದಿ ಕೂಡುವ ಕೋನದಲ್ಲಿ ಸಣ್ಣ ವ್ಯತ್ಯಾಸವಾದರೂ ಹಿಡಿತ ಕೆಡುತ್ತದೆ.

ಪರೀಕ್ಷೆ ಮಾಡುವಾಗ ಬೆರಳುಗಳು ಅಲಗು ಮಡಿಸಿಕೊಳ್ಳುವ ದಾರಿಯಲ್ಲಿ ಇರಬಾರದು. ಹಿಡಿಯ ಎರಡು ಪಕ್ಕಗಳನ್ನಷ್ಟೇ ಹಿಡಿದು, ಅಲಗನ್ನು ಪೂರ್ತಿ ತೆರೆದು, ಲಾಕ್ ತಗಡು ಅಲಗಿನ ಬುಡದ ಅಗಲದಲ್ಲಿ ಎಷ್ಟು ದೂರ ಬಂದು ನಿಂತಿದೆ ಎಂದು ಬೆಳಕಿಗೆ ಹಿಡಿದು ನೋಡಿ. ಹೊಸ ಚಾಕುವಿನಲ್ಲಿ ಅದು ಕಾಲು ಭಾಗದಿಂದ ಅರ್ಧದೊಳಗೆ ನಿಂತಿದ್ದರೆ ಸರಿ. ಅಂಚಿನಲ್ಲಿ ತುಸುವೇ ತಗುಲಿಕೊಂಡಿದ್ದರೆ ಒತ್ತಡ ಬಿದ್ದಾಗ ಜಾರಬಹುದು. ಹೊಸದರಲ್ಲೇ ಆಚೆಯ ಪಕ್ಕಕ್ಕೆ ಹೋಗಿ ತಾಗಿದ್ದರೆ ಮುಂದಿನ ಸವೆತಕ್ಕೆ ಅದರಲ್ಲಿ ಜಾಗವೇ ಉಳಿದಿಲ್ಲ. ಅನಂತರ ಅಲಗಿನ ಬೆನ್ನನ್ನು ದಪ್ಪ ಮರದ ಹಲಗೆಗೆ ಆನಿಸಿ ನಿಧಾನವಾಗಿ ಒತ್ತಡ ಕೊಡುತ್ತಾ ಹೋಗಿ. ತಗಡು ಹಿಂದಕ್ಕೆ ಸರಿಯುವುದು ಕಂಡರೆ, ಇಲ್ಲವೇ ಅಲಗು ಮೇಲೆ ಕೆಳಗೆ ಅಲ್ಲಾಡುವುದು ಕೈಗೆ ತಿಳಿದರೆ ಅಲ್ಲಿಗೆ ನಿಲ್ಲಿಸಿ. ಅಲಗಿನ ಬೆನ್ನನ್ನು ಮೇಜಿಗೆ ಬಲವಾಗಿ ಬಡಿದು ಪರೀಕ್ಷಿಸುವ ರೂಢಿಯೊಂದಿದೆ. ಅದನ್ನು ನಾನು ಸೂಚಿಸುವುದಿಲ್ಲ. ಅದರಿಂದ ಸರಿಯಿರುವ ಲಾಕ್ ಕೂಡ ಹಾಳಾಗಬಹುದು, ಬಡಿದ ಗುರುತನ್ನೇ ತೋರಿಸಿ ಕಂಪನಿ ದುರ್ಬಳಕೆಯೆಂದು ದೂರನ್ನು ತಳ್ಳಿಹಾಕಲೂಬಹುದು.

ಮೇಲೆ ಕೆಳಗಿನ ಅಲುಗಾಟ ಮತ್ತು ಪಕ್ಕದ ಅಲುಗಾಟ ಬೇರೆಬೇರೆ. ಅಲಗು ಎಡಬಲಕ್ಕೆ ಅಲ್ಲಾಡಿದರೆ ಅದು ತಿರುಗುವ ಪಿವಟ್ ಸ್ಕ್ರೂ ಸಡಿಲವಾಗಿರಬಹುದು. ಸರಿಯಾದ ಅಳತೆಯ ಟಾರ್ಕ್ಸ್ ಬಿಟ್‌ನಿಂದ (ನಕ್ಷತ್ರದಾಕಾರದ ತುದಿಯ ತಿರುಪುಳಿ) ಅದನ್ನು ತುಸು ಬಿಗಿಗೊಳಿಸಿದರೆ ತೊಂದರೆ ಮುಗಿಯುತ್ತದೆ, ಸ್ಕ್ರೂವನ್ನು ಹೊರಗೆ ತೆಗೆಯಬೇಕಾಗಿಲ್ಲ. ಅಷ್ಟಕ್ಕೂ ಅನುಮತಿಯಿದೆಯೇ ಎಂದು ವಾರಂಟಿ ಪತ್ರದಲ್ಲಿ ಮೊದಲು ನೋಡಿಕೊಳ್ಳಿ. ಮೇಲೆ ಕೆಳಗಿನ ಅಲುಗಾಟ ಲಾಕ್ ಮತ್ತು ಅಲಗಿನ ಬುಡ ಕೂಡುವಲ್ಲಿ ಹುಟ್ಟುವಂಥದ್ದು. ಮನೆಯಲ್ಲಿ ಅರದಿಂದ ಉಜ್ಜಿ ಸರಿಪಡಿಸಲು ಹೋಗದೆ ಅದನ್ನು ಕಂಪನಿಗೇ ಬಿಡಬೇಕು. ಮಡಿಸಿದ ಚಾಕುವಿನ ಬಾಯಿ ಕೆಳಮುಖವಾಗಿರುವಂತೆ ಹಿಡಿದು ಮೆಲ್ಲನೆ ಕುಲುಕಿದಾಗ ಅಲಗು ತಾನಾಗಿ ಹೊರಬೀಳಬಾರದು. ಜೇಬಿನಲ್ಲಿಟ್ಟುಕೊಳ್ಳುವ ವಸ್ತುವಿಗೆ ಇದು ಲಾಕ್‌ನಷ್ಟೇ ಮುಖ್ಯ. ಮಡಿಸಿದಾಗ ಅಲಗು ಹಿಡಿಯ ನಟ್ಟನಡುವೆ ನಿಲ್ಲದೆ ಒಂದು ಪಕ್ಕಕ್ಕೆ ವಾಲಿದ್ದರೆ, ಅಲಗು ಹಿಡಿಯ ಒಳಮೈಗೆ ಉಜ್ಜದಿರುವವರೆಗೆ ಅದನ್ನು ದೋಷವೆಂದು ಒಪ್ಪಿಸುವುದು ಕಷ್ಟ.

ಹರಿತ, ಉಕ್ಕು ಮತ್ತು ತುಕ್ಕು

ಹರಿತ ಬೇಗ ಹೋಯಿತು ಎಂಬ ದೂರು ಸಾಮಾನ್ಯವಾದದ್ದು, ಸಾಬೀತು ಮಾಡಲು ಕಠಿಣವಾದದ್ದೂ ಹೌದು. ಉಕ್ಕಿನ ಹೆಸರು ನೋಡಿ ಹಣ ಕೊಡುವ ಅಭ್ಯಾಸ ಈಗ ಬೆಳೆದಿದೆ; ಆದರೆ ಉಕ್ಕಿನ ಗುಣ ಅದರ ಹೆಸರಿನಷ್ಟೇ ಅದಕ್ಕೆ ಕೊಟ್ಟ ಹದದ, ಅಂದರೆ ಕಾಯಿಸಿ ತಣಿಸಿದ ಬಗೆಯ, ಮೇಲೂ ನಿಂತಿದೆ. ಎಸ್30ವಿ ಎಂಬ ಉಕ್ಕನ್ನು ಸಾಮಾನ್ಯವಾಗಿ ರಾಕ್‌ವೆಲ್ ಮಾಪನದಲ್ಲಿ 58ರಿಂದ 61ರ ಗಡಸುತನಕ್ಕೆ ಹದ ಮಾಡುತ್ತಾರೆ. ಸ್ವಿಸ್ ಚಾಕುಗಳ ಅಲಗು 56ರ ಆಸುಪಾಸಿನಲ್ಲಿರುತ್ತದೆ. ಮೆತ್ತನೆಯ ಅಲಗು ಬೇಗ ಮೊಂಡಾಗುತ್ತದೆ, ಅಷ್ಟೇ ಬೇಗ ಸಾಣೆಗೂ ಬಗ್ಗುತ್ತದೆ. ಗಡುಸಾದದ್ದು ಹರಿತ ಉಳಿಸಿಕೊಳ್ಳುತ್ತದೆ, ಆದರೆ ಗಟ್ಟಿ ವಸ್ತುವಿಗೆ ಓರೆಯಾಗಿ ತಾಗಿದರೆ ಅದರ ಬಾಯಿ ಮುಕ್ಕಾಗುತ್ತದೆ. ಹೀಗಾಗಿ ಮೆತ್ತನೆಯ ಉಕ್ಕಿನ ಚಾಕು ಕೊಂಡು ಹರಿತ ಉಳಿಯುವುದಿಲ್ಲ ಎಂದು ದೂರುವುದರಲ್ಲಿ ಅರ್ಥವಿಲ್ಲ. ಗಡಸು ಉಕ್ಕಿನ ಅಲಗು ರಟ್ಟು, ಹಗ್ಗ, ಹಣ್ಣುಗಳಷ್ಟನ್ನೇ ಕತ್ತರಿಸಿ ಬಾಯಿ ಮಡಚಿಕೊಂಡರೆ ಅಲ್ಲಿ ಪ್ರಶ್ನೆ ಕೇಳಲು ಕಾರಣವಿದೆ.

ಆ ಪ್ರಶ್ನೆ ಕೇಳುವ ಮೊದಲು ಒಂದು ಸಂಗತಿಯನ್ನು ಗಮನದಲ್ಲಿಡಬೇಕು. ಕಾರ್ಖಾನೆಯಲ್ಲಿ ವೇಗದ ಬೆಲ್ಟ್ ಮೇಲೆ ಕೊನೆಯ ಹರಿತ ಕೊಡುವಾಗ ಅಲಗಿನ ತೆಳ್ಳನೆಯ ತುದಿ ಕಾದು, ಅಷ್ಟು ಭಾಗದ ಹದ ಮಾತ್ರ ಕೆಡುವುದುಂಟು. ವಾಪಸಾತಿ ಅವಧಿ ಮುಗಿದು, ಚಾಕುವನ್ನು ಇಟ್ಟುಕೊಳ್ಳುವುದೆಂದು ತೀರ್ಮಾನವಾದ ಮೇಲೆ, ನೀರು ಹಾಕಿದ ಸಾಣೆಕಲ್ಲಿನಲ್ಲಿ ಕೈಯಿಂದ ಒಂದೆರಡು ಸಲ ಸಾಣೆ ಹಿಡಿದರೆ ಕೆಟ್ಟ ಉಕ್ಕು ಸವೆದು ಒಳಗಿನ ಒಳ್ಳೆಯ ಉಕ್ಕು ಹೊರಬರುತ್ತದೆ. ಆಮೇಲೂ ಹರಿತ ನಿಲ್ಲದಿದ್ದರೆ ದೋಷ ಆಳದಲ್ಲಿದೆ ಎಂದು ತಿಳಿಯಬಹುದು. ಬೀದಿಯಲ್ಲಿ ಚಕ್ರ ತಿರುಗಿಸಿ ಸಾಣೆ ಹಿಡಿಯುವವರಿಗೆ ಇಂಥ ಚಾಕುವನ್ನು ಕೊಡಬೇಡಿ. ಅಡುಗೆಮನೆಯ ಕತ್ತಿಗೆ ಅವರ ಕೆಲಸ ಸಾಕಾದೀತು. ಕಿಡಿ ಹಾರುವಷ್ಟು ಒಣಗಲ್ಲಿಗೆ ಒತ್ತಿದರೆ ತೆಳು ಬಾಯಿ ಕಾಯುತ್ತದೆ, ಅಲಗಿನ ಅಂಚಿನಲ್ಲಿ ನೀಲಿ ಬಣ್ಣ ಮೂಡಿತೆಂದರೆ ವಾರಂಟಿಯ ಮಾತು ಅಲ್ಲಿಗೆ ಮುಗಿಯಿತು.

ತುಕ್ಕಿನ ವಿಷಯವನ್ನು ಕರಾವಳಿ ಮತ್ತು ಮಲೆನಾಡಿನ ಓದುಗರು ವಿಶೇಷವಾಗಿ ಗಮನಿಸಬೇಕು. ಉಕ್ಕಿಗೆ ಸ್ಟೇನ್‌ಲೆಸ್ ಎಂಬ ಹೆಸರು ಸಲ್ಲಲು ಅದರಲ್ಲಿ ಕನಿಷ್ಠ ಶೇಕಡಾ 10.5ರಷ್ಟು ಕ್ರೋಮಿಯಂ ಇರಬೇಕು. ಡಿ2 ಎಂಬ ಜನಪ್ರಿಯ ಉಕ್ಕಿನಲ್ಲಿ ಸುಮಾರು ಶೇಕಡಾ 12ರಷ್ಟು ಕ್ರೋಮಿಯಂ ಇದ್ದರೂ ಅದರ ದೊಡ್ಡ ಪಾಲು ಇಂಗಾಲದೊಡನೆ ಸೇರಿ ಗಟ್ಟಿ ಕಣಗಳಾಗಿಬಿಡುವುದರಿಂದ ತುಕ್ಕು ತಡೆಯಲು ಉಳಿಯುವುದು ಕಡಿಮೆ. ಮಂಗಳೂರಿನ ಉಪ್ಪುಗಾಳಿಯಲ್ಲಿ, ಆಗುಂಬೆಯ ಮಳೆಯಲ್ಲಿ ಒದ್ದೆ ಜೇಬಿನಲ್ಲಿ ಉಳಿದ ಡಿ2 ಅಲಗಿನ ಮೇಲೆ ಚುಕ್ಕೆ ಏಳುವುದು ಸಹಜ. ಕಾರ್ಬನ್ ಉಕ್ಕಿನ ಓಪಿನೆಲ್ ಅಲಗಿನಿಂದ ಮಾವಿನಕಾಯಿಯನ್ನೋ ಎಳೆ ಅಡಿಕೆಯನ್ನೋ ಕೊಯ್ದರೆ ಹುಳಿ ಮತ್ತು ಒಗರಿಗೆ ಅದು ಕಪ್ಪಾಗುತ್ತದೆ. ತುಕ್ಕನ್ನು ವಾರಂಟಿಗಳು ಹೆಚ್ಚಾಗಿ ಹೊರಗಿಡುತ್ತವೆ. ಕಸಿ ಕಟ್ಟಲು, ತೋಟದಲ್ಲಿ ಬಳಸಲು ಚಾಕು ಬೇಕಾದವರು ಹೊಗಳಿಕೆಗಿಂತ ಮೊದಲು ಉಕ್ಕಿನ ಈ ಗುಣವನ್ನು ನೋಡಿ ಕೊಳ್ಳುವುದು ಲೇಸು.

ನಕಲಿಯ ಸಂಶಯವಿದ್ದರೆ ಕಂಪನಿ ಪ್ರಕಟಿಸಿರುವ ತೂಕ, ಅಲಗಿನ ಉದ್ದ ಮತ್ತು ದಪ್ಪವನ್ನು ಗ್ರಾಂ ತೋರಿಸುವ ತಕ್ಕಡಿ ಹಾಗೂ ವರ್ನಿಯರ್ ಕ್ಯಾಲಿಪರ್‌ನಿಂದ ಹೋಲಿಸಿ ನೋಡಿ. ನಕಲು ಮಾಡುವವರು ಹೊರನೋಟವನ್ನು ಚೆನ್ನಾಗಿಯೇ ಹೊಂದಿಸುತ್ತಾರೆ. ಅಗ್ಗದ ಲೋಹ ಬಳಸಿದಾಗ ತೂಕ ಹೊಂದುವುದಿಲ್ಲ.

ವಾರಂಟಿ ಪತ್ರವನ್ನು ಓದುವ ಬಗೆ

ಜೀವಮಾನದ ವಾರಂಟಿ ಎಂಬ ಮಾತು ಚಾಕು ವ್ಯಾಪಾರದಲ್ಲಿ ಎಲ್ಲೆಡೆ ಕಾಣುತ್ತದೆ. ವಿಕ್ಟೋರಿನಾಕ್ಸ್ ತನ್ನ ಚಾಕುಗಳಿಗೆ ಉಕ್ಕಿನ ಮತ್ತು ಕೆಲಸಗಾರಿಕೆಯ ದೋಷಗಳ ವಿರುದ್ಧ ಜೀವಮಾನದ ಖಾತರಿ ಕೊಡುತ್ತದೆ, ಸಹಜ ಸವೆತ ಮತ್ತು ದುರ್ಬಳಕೆಯನ್ನು ಅದರಿಂದ ಹೊರಗಿಡುತ್ತದೆ. ಉಳಿದ ಹೆಸರಾದ ಕಂಪನಿಗಳ ಪತ್ರಗಳೂ ಬಹುಪಾಲು ಇದೇ ಅಚ್ಚಿನವು. ಅಮೆರಿಕದ 1975ರ ಮ್ಯಾಗ್ನಸನ್-ಮಾಸ್ ವಾರಂಟಿ ಕಾಯ್ದೆಯ ಪ್ರಕಾರ ಗ್ರಾಹಕ ವಸ್ತುವಿನ ಲಿಖಿತ ವಾರಂಟಿ ಪೂರ್ಣವೋ ಸೀಮಿತವೋ ಎಂಬುದನ್ನು ಕಂಪನಿ ಸ್ಪಷ್ಟವಾಗಿ ಹೆಸರಿಸಬೇಕು. ಅಲ್ಲಿನ ಚಾಕುಗಳ ಪತ್ರದಲ್ಲಿ ಕಾಣುವ ಲಿಮಿಟೆಡ್ ಎಂಬ ಪದ ಅಲಂಕಾರಕ್ಕೆ ಬಂದದ್ದಲ್ಲ. ಷರತ್ತುಗಳೆಲ್ಲ ಅದರ ಹಿಂದೆಯೇ ಇರುತ್ತವೆ.

ಆ ಷರತ್ತುಗಳಲ್ಲಿ ಕೆಲವನ್ನು ಕೊಳ್ಳುವ ಮುನ್ನವೇ ಹುಡುಕಿ ಓದಬೇಕು. ಜೀವಮಾನ ಯಾರದು, ಮೊದಲು ಕೊಂಡವರದೋ ಚಾಕುವಿನದೋ? ಮೊದಲು ಕೊಂಡವರದಾದರೆ ಅಮೆರಿಕದಿಂದ ಅಣ್ಣ ತಂದುಕೊಟ್ಟ ಉಡುಗೊರೆಯ ಚಾಕುವಿಗೆ ದೂರು ಕೊಡಬೇಕಾದವರು ಅಣ್ಣನೇ ಹೊರತು ನೀವಲ್ಲ. ಅಧಿಕೃತ ಮಾರಾಟಗಾರರಿಂದ ಕೊಂಡಿರಬೇಕೆಂಬ ಷರತ್ತಿದೆಯೇ? ಚಾಕುವನ್ನು ಕಳಿಸುವ ಖರ್ಚು ಯಾರದು, ಮರಳಿ ಬರುವ ಖರ್ಚು ಯಾರದು? ದುರಸ್ತಿಯೋ ಬದಲಿಯೋ ಎಂಬ ಆಯ್ಕೆ ಯಾರ ಕೈಯಲ್ಲಿದೆ?

ಭಾರತದಲ್ಲಿರುವ ಕೊಳ್ಳುಗರ ಪಾಲಿಗೆ ಇವೆಲ್ಲಕ್ಕಿಂತ ತೂಕದ ಪ್ರಶ್ನೆ ಒಂದಿದೆ: ವಾರಂಟಿ ಕೆಲಸ ನಡೆಯುವುದು ಯಾವ ದೇಶದಲ್ಲಿ? ಸಾಗರದಾಚೆಗೆ ನಮ್ಮ ಖರ್ಚಿನಲ್ಲಿ ಚಾಕು ಕಳಿಸಿ, ಅಲ್ಲಿನ ಸುಂಕ, ಇಲ್ಲಿನ ಸುಂಕ, ಕೊರಿಯರ್‌ನವರ ನಿರಾಕರಣೆ ಇವನ್ನೆಲ್ಲ ಎದುರಿಸಬೇಕಾದ ವಾರಂಟಿಗೆ, ಬೆಲೆ ಹೋಲಿಸುವಾಗ, ನಾನು ಯಾವ ಬೆಲೆಯನ್ನೂ ಕಟ್ಟುವುದಿಲ್ಲ. ಇಲ್ಲಿಯೇ ಆಮದುದಾರರಿದ್ದು, ಬಿಡಿಭಾಗ ಇಟ್ಟುಕೊಂಡು, ದೂರವಾಣಿ ಎತ್ತಿ ಮಾತಾಡುವ ಕಂಪನಿಯ ಸಾಧಾರಣ ಚಾಕು ಅಂಥ ಪ್ರಸಿದ್ಧ ಚಾಕುವಿಗಿಂತ ಒಳ್ಳೆಯ ಖರೀದಿ ಎಂಬುದು ನನ್ನ ದೃಢವಾದ ಅಭಿಪ್ರಾಯ. ಹೊಗಳುವವರಲ್ಲಿ ಬಹಳಷ್ಟು ಮಂದಿ ತಯಾರಕರ ದೇಶದಲ್ಲೇ ಇರುವವರು; ಅವರಿಗೆ ಸುಲಭವಾಗಿ ಸಿಕ್ಕ ಸೇವೆ ನಮಗೂ ಹಾಗೆಯೇ ಸಿಗುತ್ತದೆಂದು ಎಣಿಸಲಾಗದು.

ದೂರು ಬರೆಯುವುದು ಮತ್ತು ಕಳಿಸುವುದು

ದೂರಿನ ಪತ್ರದಲ್ಲಿ ಕೋಪಕ್ಕಿಂತ ಅಳತೆ ಕೆಲಸ ಮಾಡುತ್ತದೆ. ಮಾದರಿಯ ಹೆಸರು, ಕೊಂಡ ದಿನಾಂಕ, ಬಿಲ್ಲಿನ ಸಂಖ್ಯೆ, ದೋಷ ಕಂಡ ಬಗೆ, ಚಾಕುವನ್ನು ಯಾವ ಕೆಲಸಕ್ಕೆ ಬಳಸಿದ್ದೀರಿ, ಏನು ಬೇಕು ಎಂಬ ಆರು ಸಂಗತಿಗಳು ಸಾಕು. ಹೀಗೆ ಬರೆಯಬಹುದು:

"ಈ ಚಾಕುವನ್ನು ಇಂಥ ದಿನಾಂಕದಂದು ಇಂಥ ಅಂಗಡಿಯಿಂದ ಕೊಂಡಿದ್ದೇನೆ, ಬಿಲ್ಲಿನ ಪ್ರತಿ ಜೊತೆಗಿದೆ. ಅಲಗನ್ನು ಪೂರ್ತಿ ತೆರೆದಾಗ ಲಾಕ್ ತಗಡು ಅಲಗಿನ ಬುಡದ ಅಂಚಿಗಷ್ಟೇ ತಾಗುತ್ತದೆ, ಬೆನ್ನಿನ ಕಡೆಯಿಂದ ಕೈಯಲ್ಲಿ ಒತ್ತಿದಾಗ ಹಿಂದೆ ಸರಿಯುತ್ತದೆ. ಫೋಟೊ ಮತ್ತು ವಿಡಿಯೊ ಲಗತ್ತಿಸಿದ್ದೇನೆ. ಚಾಕುವನ್ನು ಬಿಚ್ಚಿಲ್ಲ, ಸಾಣೆ ಹಿಡಿದಿಲ್ಲ. ಲಾಕ್ ಸರಿಪಡಿಸಿ ಅಥವಾ ಚಾಕು ಬದಲಿಸಿ ಕೊಡಬೇಕೆಂದು ಕೋರುತ್ತೇನೆ. ಪರಿಶೀಲಿಸಿದ ಬಳಿಕ ಏನನ್ನು ಅಳೆಯಲಾಯಿತು, ಏನನ್ನು ಸರಿಪಡಿಸಲಾಯಿತು ಎಂಬುದನ್ನು ಬರಹದಲ್ಲಿ ತಿಳಿಸಬೇಕು."

ಕೊನೆಯ ವಾಕ್ಯವನ್ನು ಬಿಡಬೇಡಿ. ಬಹಳ ಹೊಗಳಿಸಿಕೊಂಡ ಕಂಪನಿಯೊಂದಕ್ಕೆ ಲಾಕ್ ಜಾರುತ್ತದೆಂದು ನಾನು ಕಳಿಸಿದ್ದ ಚಾಕು, ಅಲಗಿಗೆ ಹೊಸ ಹರಿತ ಹಾಕಿಸಿಕೊಂಡು, ಲಾಕ್ ಮಾತ್ರ ಮೊದಲಿನಂತೆಯೇ ಜಾರುತ್ತ ಮರಳಿ ಬಂದಿತ್ತು. ಜೊತೆಗಿದ್ದ ಚೀಟಿಯಲ್ಲಿ ಎಲ್ಲವೂ ನಿಗದಿತ ಮಿತಿಯೊಳಗಿದೆ ಎಂಬುದಕ್ಕಿಂತ ಹೆಚ್ಚಿನ ಮಾತಿರಲಿಲ್ಲ. ಆ ಮಿತಿ ಏನು, ಈ ಚಾಕುವಿನ ಅಳತೆ ಎಷ್ಟು ಎಂದು ಬರಹದಲ್ಲಿ ಕೇಳಿದ ಮೇಲೆಯೇ ಬದಲಿ ಚಾಕು ಬಂತು. ಬೆರಳಿಗೆ ಅಪಾಯ ತರುವ ದೋಷವನ್ನು ಒಂದು ಸಾಲಿನಲ್ಲಿ ತಳ್ಳಿಹಾಕುವುದನ್ನು ಯಾವ ಗ್ರಾಹಕರೂ ಒಪ್ಪಿಕೊಳ್ಳಬಾರದು.

ಚಾಕು ಕಳಿಸುವಾಗ ಅಲಗನ್ನು ಮಡಿಸಿ, ಮೇಲೆ ರಟ್ಟು ಸುತ್ತಿ, ಟೇಪ್ ಹಚ್ಚಿ, ತೆರೆದುಕೊಳ್ಳದಂತೆ ಕಟ್ಟಿ. ವಿದೇಶಕ್ಕಾದರೆ ದುರಸ್ತಿಗಾಗಿ ಹೋಗಿ ಮರಳುವ ವಸ್ತು ಎಂದು ಘೋಷಣಾ ಪತ್ರದಲ್ಲಿ ಸ್ಪಷ್ಟವಾಗಿ ಬರೆಯಿಸಿ ಆ ಪ್ರತಿಯನ್ನು ಇಟ್ಟುಕೊಳ್ಳಿ. ಇಲ್ಲವಾದರೆ ಮರಳಿ ಬರುವಾಗ ಹೊಸ ಆಮದೆಂದು ಪೂರ್ಣ ಸುಂಕ ಕೇಳುವ ಸಂಭವವಿದೆ. ಪ್ರಯಾಣಿಸುವ ಬಂಧುಗಳ ಕೈಯಲ್ಲಿ ಕಳಿಸುವುದಾದರೆ ಚಾಕು ಚೆಕ್-ಇನ್ ಸಾಮಾನಿನಲ್ಲೇ ಹೋಗಬೇಕು. ಕೈಚೀಲದಲ್ಲಿದ್ದರೆ ಭದ್ರತಾ ತಪಾಸಣೆಯಲ್ಲಿ ವಶಪಡಿಸಿಕೊಳ್ಳುತ್ತಾರೆ.

ಕಂಪನಿ ಒಪ್ಪದಿದ್ದರೆ

ಆನ್‌ಲೈನ್‌ನಲ್ಲಿ ಕೊಂಡಿದ್ದರೆ ಮೊದಲು ಆ ಮಾರಾಟ ತಾಣದ ಕುಂದುಕೊರತೆ ಅಧಿಕಾರಿಗೆ ಬರೆಯಿರಿ. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ಅವರು ದೂರು ತಲುಪಿದ್ದನ್ನು 48 ಗಂಟೆಗಳೊಳಗೆ ತಿಳಿಸಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು. ಅಲ್ಲಿ ಫಲ ಸಿಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಸಹಾಯವಾಣಿಗೆ ಆದೇಶ ಹೊರಡಿಸುವ ಅಧಿಕಾರವಿಲ್ಲ, ಆದರೂ ಅದರ ಮೂಲಕ ಹೋದ ದೂರಿಗೆ ಮಾರಾಟಗಾರರು ಉತ್ತರ ಕೊಡುವ ಸಾಧ್ಯತೆ ಹೆಚ್ಚು.

ಕೊನೆಯ ಮೆಟ್ಟಿಲು ಜಿಲ್ಲಾ ಗ್ರಾಹಕ ಆಯೋಗ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ನೀವು ವಾಸಿಸುವ ಜಿಲ್ಲೆಯಲ್ಲೇ ದೂರು ಸಲ್ಲಿಸಬಹುದು, ವಕೀಲರು ಕಡ್ಡಾಯವಲ್ಲ, ಐದು ಲಕ್ಷ ರೂಪಾಯಿವರೆಗಿನ ಖರೀದಿಗೆ ಶುಲ್ಕವಿಲ್ಲ. ಕಾರಣ ಉಂಟಾದ ಎರಡು ವರ್ಷಗಳೊಳಗೆ ಸಲ್ಲಿಸಬೇಕು. ಇ-ಜಾಗೃತಿ ಜಾಲತಾಣದ ಮೂಲಕ ಮನೆಯಿಂದಲೇ ಸಲ್ಲಿಸುವ ವ್ಯವಸ್ಥೆಯೂ ಇದೆ. ಪರೀಕ್ಷೆಯಿಲ್ಲದೆ ದೋಷವನ್ನು ನಿರ್ಧರಿಸಲಾಗದಿದ್ದರೆ ಆಯೋಗವೇ ವಸ್ತುವನ್ನು ಮುದ್ರೆಯೊತ್ತಿ ಪ್ರಯೋಗಾಲಯಕ್ಕೆ ಕಳಿಸಿ 45 ದಿನಗಳೊಳಗೆ ವರದಿ ಕೇಳಬಹುದು. ಉಕ್ಕಿನ ಹದ ಸರಿಯಿಲ್ಲ ಎಂಬ ದೂರಿಗೆ ಇದು ನಿಜವಾದ ಬಲ. ಗಡಸುತನವನ್ನು ಅಳೆದ ಸಂಖ್ಯೆಯೆದುರು ನಿಗದಿತ ಮಿತಿಯೆಂಬ ಮಾತು ನಿಲ್ಲುವುದಿಲ್ಲ. ಪರೀಕ್ಷೆಯ ಶುಲ್ಕವನ್ನು ಮೊದಲು ದೂರುದಾರರು ಕಟ್ಟಬೇಕಾಗುತ್ತದೆ, ಆದ್ದರಿಂದ ಚಾಕುವಿನ ಬೆಲೆಯನ್ನು ನೋಡಿ ನಿರ್ಧರಿಸಿ.

ಲಾಕ್ ಜಾರಿ ಗಾಯವೇ ಆಗಿದ್ದರೆ ಅದು ವಾರಂಟಿಯನ್ನು ಮೀರಿದ ವಿಷಯ. ಅದೇ ಕಾಯ್ದೆಯ ಉತ್ಪನ್ನ ಹೊಣೆಗಾರಿಕೆಯ ಅಧ್ಯಾಯದ ಪ್ರಕಾರ, ತಯಾರಕರು ಭಾರತದ ಕಾನೂನಿನ ವ್ಯಾಪ್ತಿಗೆ ಸಿಗದಿದ್ದಾಗ ಇಲ್ಲಿ ಅದನ್ನು ಮಾರಿದವರೇ ಹೊಣೆಯಾಗಬಹುದು. ವೈದ್ಯರ ಚೀಟಿ, ಗಾಯದ ಫೋಟೊ ಮತ್ತು ಆ ಸ್ಥಿತಿಯಲ್ಲೇ ಇರುವ ಚಾಕು ಮೂರನ್ನೂ ಕಾಪಾಡಿ. ಚಾಕುವನ್ನು ದುರಸ್ತಿಗೆಂದು ಕೈಬಿಟ್ಟರೆ ಸಾಕ್ಷ್ಯವೇ ಕೈಬಿಟ್ಟಂತೆ.

ಬದಲಿ ಚಾಕು ಬಂದರೆ ಸಮಾಧಾನವಾಯಿತೆಂದು ಬರೆದುಕೊಡುವ ಮೊದಲು ಲಾಕ್‌ನ ಪರೀಕ್ಷೆಗಳನ್ನು ಅದರ ಮೇಲೂ ಮಾಡಿ, ಫೋಟೊ ತೆಗೆದು, ಅದು ಬಂದ ದಿನಾಂಕವನ್ನು ಹಳೆಯ ಬಿಲ್ಲಿನ ಪ್ರತಿಯ ಮೇಲೆ ಬರೆದಿಡಿ. ಬದಲಿ ಚಾಕುವಿಗೆ ಹೊಸ ವಾರಂಟಿ ಶುರುವಾಗುತ್ತದೆಯೇ, ಹಳೆಯದೇ ಮುಂದುವರಿಯುತ್ತದೆಯೇ ಎಂಬುದನ್ನು ಕಂಪನಿಯಿಂದ ಬರಹದಲ್ಲಿ ಪಡೆದುಕೊಳ್ಳಿ.